ಸ್ಪಂಜಿನ ಹೆಪ್ಪು

ಇವತ್ತು ಬೆಳಿಗ್ಗೆ ಅಕ್ವೇರಿಯಂನ ಫಿಲ್ಟರಿನಿಂದ ಕಪ್ಪು ಸ್ಪಂಜನ್ನು ಹೊರತೆಗೆದು, ಅದೇ ಟ್ಯಾಂಕಿನ ನೀರು ತುಂಬಿದ ಬಕೆಟಿನಲ್ಲಿ ಮೆಲ್ಲಗೆ ಹಿಂಡಿದೆ. ಬಾವಿಯ ಕೆಸರು ತೆಗೆಯುವಾಗ ಬರುತ್ತದಲ್ಲ, ಅಂಥದ್ದೇ ವಾಸನೆ. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ನನಗೆ ಮಾತ್ರ ದರ್ಬೆ ಪೇಟೆಯ ಆ ಸಣ್ಣ ಅಂಗಡಿ ಕಣ್ಣ ಮುಂದೆ ಬಂತು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು, ಗಿರಾಕಿಗಳಿಗೆ ಬೆನ್ನು ಹಾಕಿ ಮೀನು ನೋಡುತ್ತಿದ್ದ ಅಂಗಡಿಯಣ್ಣ...

ನಮ್ಮ ಊರಿನಲ್ಲಿ ಮೀನಿನ ಅಂಗಡಿ ಎಂದರೆ ಜನ ಬಂಗುಡೆಗೆ ಎಷ್ಟು ಎಂದು ಕೇಳುತ್ತಾರೆ. ಅವರದ್ದು ಸಾಕುವ ಮೀನಿನ ಅಂಗಡಿ. ಅಡ್ಡಕ್ಕೆ ಗಾಜು ಹಾಕಿ ಮೂರು ಪಾಲು ಮಾಡಿದ ಒಂದೇ ಒಂದು ಉದ್ದದ ಟ್ಯಾಂಕು, ಅದಕ್ಕೊಂದು ದಪ್ಪ ಸ್ಪಂಜು, ಅಷ್ಟೇ. ಅವರ ಮೂಲಕ ಹೊಸ ಟ್ಯಾಂಕು ತರಿಸಿಕೊಂಡ ದಿನ ನಾನು ಮೀನನ್ನೂ ಕೇಳಿದೆ. ಕೊಡಲಿಲ್ಲ. ಬದಲಿಗೆ ತಮ್ಮ ಸ್ಪಂಜನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಿಂಡಿ, ಚಹಾದ ಬಣ್ಣದ ನೀರನ್ನು ಕಟ್ಟಿ ಕೈಗಿಟ್ಟರು.

"ಇದನ್ನು ನಿಮ್ಮ ಟ್ಯಾಂಕಿಗೆ ಹಾಕಿ, ಪಂಪು ಓಡಲು ಬಿಡಿ. ಮೂರು ವಾರ ಕಳೆದು ಬನ್ನಿ."

ನನಗೆ ಸಿಟ್ಟು ಬಂತು. ಫಿನಾಯಿಲ್ ಹಾಕದೆ ಅಂಗಳದ ಕಲ್ಲನ್ನೂ ಬಿಡದ ಮನೆಯಲ್ಲಿ ಬೆಳೆದವಳು ನಾನು. ಇನ್ನೊಬ್ಬರ ಮೀನಿನ ಹೇಲು ನನ್ನ ಹೊಸ ಗಾಜಿನೊಳಗೆ ಯಾಕೆ? ಮನೆಗೆ ಬಂದವಳೇ ಆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದೆ. ಮರುದಿನ ಮಂಗಳೂರಿಗೆ ಹೋದಾಗ ಹನ್ನೆರಡು ನಿಯಾನ್ ಮೀನು ತಂದು ಬಿಟ್ಟೆ. ಎಂಟು ದಿನದೊಳಗೆ ಹನ್ನೆರಡೂ ಸತ್ತವು. ಕೊನೆಯದನ್ನು ಚಮಚದಲ್ಲಿ ತೆಗೆಯುವಾಗ ಅತ್ತುಬಿಟ್ಟೆ.

ಸಿಟ್ಟನ್ನೆಲ್ಲ ಕಟ್ಟಿಕೊಂಡು ದರ್ಬೆಗೆ ಹೋಗಿ, ನಿಮ್ಮ ಟ್ಯಾಂಕೇ ಸರಿ ಇಲ್ಲ ಎಂದು ಜಗಳಕ್ಕೆ ನಿಂತೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾನು ಕೊಟ್ಟ ನೀರು ಎಂತ ಮಾಡಿದ್ರಿ ಅಕ್ಕ?"

"ಬಾಳೆಯ ಬುಡಕ್ಕೆ ಹಾಕಿದೆ."

"ಹಾಗಾದ್ರೆ ಬಾಳೆಯಲ್ಲೇ ಮೀನು ಸಾಕಿ ಮಾರಾಯ್ರೆ."

ನಾನು ಮುಖ ಊದಿಸಿಕೊಂಡು ಹೊರಡುವುದರಲ್ಲಿದ್ದೆ. ಅವರು ಮತ್ತೊಂದು ಚೀಲಕ್ಕೆ ಸ್ಪಂಜು ಹಿಂಡತೊಡಗಿದರು. ಮೀನಿನ ಗಲೀಜು ನೀರಿನಲ್ಲಿ ವಿಷವಾಗುತ್ತದೆ, ಆ ವಿಷವನ್ನು ತಿಂದು ಮುಗಿಸುವ ಜೀವಗಳು ಈ ಸ್ಪಂಜಿನಲ್ಲಿವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹೊಸ ನೀರಿಗೆ ಇದನ್ನು ಹಾಕಬೇಕು ಎಂದು ಹೇಳಿದರು. ಎಷ್ಟು ಕೊಡಬೇಕು ಎಂದು ಕೇಳಿದೆ. ಹೆಪ್ಪಿಗೆ ಪಕ್ಕದ ಮನೆಯವರು ದುಡ್ಡು ತೆಗೆದುಕೊಳ್ಳುತ್ತಾರಾ ಎಂದು ನನ್ನನ್ನೇ ಕೇಳಿದರು.

ಈ ಸಲ ಹಟ ಹಿಡಿದು ಅವರು ಹೇಳಿದ ಹಾಗೆಯೇ ಮಾಡಿದೆ. ಮೂರು ವಾರ ಬರೀ ನೀರು ನೋಡುತ್ತಾ ಕೂತೆ. ಆಮೇಲೆ ಐದು ಝೀಬ್ರಾ ಮೀನು ಕೊಟ್ಟರು, ಅದರಲ್ಲಿ ಬಾಲ ಹರಿದ ಒಂದನ್ನು ಪುಕ್ಕಟೆಯಾಗಿ. ತಿಂಗಳು ಬಿಟ್ಟು ನಿಯಾನ್, ಕೊನೆಗೆ ತಳ ಕೆದಕುತ್ತಾ ಓಡಾಡುವ ಮೀಸೆಯ ಮೀನು. ವಾರಕ್ಕೆ ಕಾಲು ಭಾಗ ನೀರು ಬದಲಿಸುವುದು, ಸ್ಪಂಜನ್ನು ನಳ್ಳಿಯ ಕೆಳಗೆ ಹಿಡಿಯದಿರುವುದು, ಕಾಣಲು ಚಂದ ಎಂದು ಜಗಳಗಂಟ ಮೀನು ತರದಿರುವುದು... ಎಲ್ಲ ಅವರಿಂದ ಬೈಸಿಕೊಂಡೇ ಕಲಿತದ್ದು.

ಎರಡು ವರ್ಷ ಕಳೆದಿರಬೇಕು. ಒಂದು ಮಳೆಗಾಲದಲ್ಲಿ ಅವರ ಹೆಂಡತಿ ನನ್ನ ಮನೆಯ ಗೇಟಿನ ಹತ್ತಿರ ಬಂದು ನಿಂತರು. ಅಂಗಡಿಯಲ್ಲಿ ನೋಡಿ ಪರಿಚಯ, ಅತ್ತಿಗೆ ಎಂದು ಕರೆಯುತ್ತಿದ್ದೆ. ಕೈಯಲ್ಲಿ ಮುಚ್ಚಳದ ಸ್ಟೀಲ್ ಪಾತ್ರೆ. ಅಂಗಡಿಯಣ್ಣನಿಗೆ ಡೆಂಗಿ ಜ್ವರ, ಆಸ್ಪತ್ರೆಯಲ್ಲಿದ್ದಾರೆ ಎಂದರು. ಆಮೇಲೆ ಅಳತೊಡಗಿದರು.

"ಸೊಳ್ಳೆಯ ಹೆದರಿಕೆಗೆ ಅಂಗಡಿಗೆ ಹೋಗಿ ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲ ತಿಕ್ಕಿದೆ. ಟ್ಯಾಂಕು, ಸ್ಪಂಜು ಎಲ್ಲ. ಮೀನು ವಾಪಸು ಬಿಟ್ಟೆ, ಒಂದೂ ಉಳಿಯಲಿಲ್ಲ. ಅವರು ಬಂದು ನೋಡಿದ್ರೆ ಎಂತ ಹೇಳುದು? ನಿಮ್ಮಲ್ಲಿ ಹೆಪ್ಪು ಉಂಟಾ?"

ಬಾಳೆಯ ಬುಡಕ್ಕೆ ಚೆಲ್ಲಿದ ನನಗೆ ಅವರನ್ನು ಬೈಯಲು ಯಾವ ಮುಖವಿತ್ತು? ಇಬ್ಬರೂ ಅಂಗಡಿಗೆ ಹೋಗಿ ಸೆರಗು ಸಿಕ್ಕಿಸಿದೆವು. ಗಾಜನ್ನು ಬ್ಲೀಚಿಂಗಿನ ವಾಸನೆ ಹೋಗುವವರೆಗೆ ತೊಳೆದೆವು. ನನ್ನ ಮನೆಯ ಬಾವಿಯ ನೀರನ್ನು ಕ್ಯಾನುಗಳಲ್ಲಿ ತುಂಬಿಸಿ, ಆಟೋದಲ್ಲಿ ನಾಲ್ಕು ಸಲ ಸಾಗಿಸಿದೆವು. ನನ್ನ ಸ್ಪಂಜನ್ನು ಕತ್ತರಿಯಲ್ಲಿ ಎರಡು ಮಾಡಿ ಅರ್ಧವನ್ನು ಅಲ್ಲಿ ಕೂರಿಸಿದೆ. ಅಷ್ಟಕ್ಕೇ ಬಿಡಲಿಲ್ಲ, ನನ್ನ ಮೀನುಗಳಲ್ಲೂ ಅರ್ಧ ಬಿಟ್ಟೆ. ದಿನಾ ಸಂಜೆ ಹೋಗಿ ಎಣಿಸುತ್ತಿದ್ದೆವು. ಐದನೆಯ ದಿನವೂ ಎಲ್ಲವೂ ಈಜುತ್ತಿದ್ದವು.

ಆರನೆಯ ದಿನ ಅವರು ಬಂದರು. ಶರಟು ಮೈಮೇಲೆ ಜೋತಾಡುತ್ತಿತ್ತು. ಸ್ಟೂಲನ್ನು ಟ್ಯಾಂಕಿನ ಹತ್ತಿರ ಎಳೆದುಕೊಂಡು ಕುಳಿತು, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಅತ್ತಿಗೆ ನನ್ನ ಕೈ ಹಿಡಿದುಕೊಂಡಿದ್ದರು. ಬಾಲ ಹರಿದ ಝೀಬ್ರಾ ಅವರ ಎದುರಿನಿಂದಲೇ ಹಾದುಹೋಯಿತು. ಅವರೇ ಕೊಟ್ಟದ್ದು, ಅದನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

"ನೀರು ಚಂದ ಉಂಟು" ಎಂದರು ಹೆಂಡತಿಗೆ. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಬಾಳೆಗೆ ಹಾಕ್ಲಿಲ್ಲ ಅಲ್ವಾ?"

ಮತ್ತೆ ಮೀನಿನ ಕಡೆ ತಿರುಗಿ ಕುಳಿತರು. ಎರಡು ವರ್ಷದ ನಂತರ ಹೃದಯದ ತೊಂದರೆ ಬಂದು ಹೋಗಿಬಿಟ್ಟರು... ನಾನು ಊರಲ್ಲಿರಲಿಲ್ಲ. ಮುಖ ನೋಡಲೂ ಸಿಗಲಿಲ್ಲ. ಅತ್ತಿಗೆ ಟ್ಯಾಂಕು ಖಾಲಿ ಮಾಡಿ ಕಡಬದ ಮಗಳ ಮನೆಗೆ ಹೋದರು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಅವರ ಹೆಪ್ಪು ಈಗ ನನ್ನಲ್ಲಿ ಮಾತ್ರ ಉಳಿದಿದೆ. ಗಾಳಿಮಳೆಗೆ ಕರೆಂಟು ಹೋದರೆ, ಸ್ಪಂಜು ಸಾಯಬಾರದೆಂದು ಮಗ್ಗಿನಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತೇನೆ. ಹೊಸ ಸ್ಪಂಜು ಸಿಗುವುದಿಲ್ಲವಾ ಎಂದು ಮನೆಯಲ್ಲಿ ಕೇಳುತ್ತಾರೆ. ಸ್ಪಂಜು ಸಿಗುತ್ತದೆ.

ನಿನ್ನೆ ಅತ್ತಿಗೆಯ ಫೋನು ಬಂತು. ಮಗಳ ಮನೆಯ ಜಗಲಿಯಲ್ಲಿ ಒಂದು ಸಣ್ಣ ಟ್ಯಾಂಕು ಇಟ್ಟಿದ್ದಾರಂತೆ. "ಅವರದ್ದು ನಿಮ್ಮಲ್ಲಿ ಇನ್ನೂ ಉಂಟಾ?" ಎಂದು ಕೇಳಿದರು. ಉಂಟು, ತರುತ್ತೇನೆ ಎಂದೆ.

ಈಗ ಕಡಬದ ಬಸ್ಸಿನಲ್ಲಿ ಕುಳಿತಿದ್ದೇನೆ. ಮಡಿಲಲ್ಲಿ ಅವತ್ತು ಅತ್ತಿಗೆ ತಂದಿದ್ದ, ನನ್ನಲ್ಲೇ ಉಳಿದುಹೋದ ಅದೇ ಸ್ಟೀಲ್ ಪಾತ್ರೆ, ಒಳಗೆ ಅರ್ಧ ಸ್ಪಂಜು ಮತ್ತು ಕಂದು ನೀರು. ಪಕ್ಕದವರು ಮೂಗು ಹಿಂಡಿಕೊಂಡು ಆಚೆ ಸರಿದಿದ್ದಾರೆ. ತಿರುವು ಬಂದಾಗಲೆಲ್ಲ ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿಯುತ್ತೇನೆ. ಅಣ್ಣಾ, ಈ ಸಲವೂ ಒಂದು ಹನಿ ಚೆಲ್ಲಲಿಲ್ಲ.