ಬಿಳಿ ಬೂಟಿಗೆ ನಮಸ್ಕಾರ

ಕಳೆದ ಭಾನುವಾರ ರಾಯಚೂರಿನಲ್ಲಿ ತಂಗಿಯ ಮಗ ಮಲ್ಲಿಕಾರ್ಜುನನ ಜೊತೆ ಮ್ಯಾಟ್ನಿ ಸಿನಿಮಾಕ್ಕೆ ಹೋಗಿದ್ದೆ. ಊರಿಗೆಲ್ಲ ಟೋಪಿ ಹಾಕಿ ಕೋಟಿಗಟ್ಟಲೆ ಬಾಚಿಕೊಂಡವನೊಬ್ಬನ ಕಥೆ. ಅವನು ಕಾರಿನಿಂದ ಬಿಳಿ ಬೂಟಿನ ಕಾಲು ಕೆಳಗಿಟ್ಟದ್ದೇ ತಡ, ಥಿಯೇಟರ್ ತುಂಬ ಸೀಟಿ. ಬಂಗಲೆಯ ಮೇಲಿಂದ ನೋಟು ತೂರಿದಾಗಲಂತೂ ಜನ ಎದ್ದು ಕುಣಿದರು. ಅವನಿಂದ ಮುಳುಗಿದವರು ತೆರೆಯ ಮೇಲೆ ಬಂದದ್ದು ಎರಡೇ ನಿಮಿಷ. ಅಷ್ಟರಲ್ಲಿ ಅರ್ಧ ಜನ ಪಾಪ್‌ಕಾರ್ನ್ ತರಲು ಎದ್ದು ಹೋಗಿದ್ದರು. ಹೇಳಲು ನಾಚಿಕೆ, ನಿವೃತ್ತ ಮಾಸ್ತರನಾದ ನಾನೂ ಚಪ್ಪಾಳೆ ತಟ್ಟಿದೆ. ತಟ್ಟಿದ ಮೇಲೆ ಅಂಗೈ ನೋಡಿಕೊಂಡೆ. ಅಂಥದೇ ಬಿಳಿ ಬೂಟನ್ನು ನಾನೊಮ್ಮೆ ತೀರ ಹತ್ತಿರದಿಂದ ಕಂಡಿದ್ದೆ.

ಆಗ ನಾನು ದೇವದುರ್ಗದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಗಣಿತ ಎನ್ನುವುದನ್ನು ನೀವು ಮರೆಯಬಾರದು, ಯಾಕೆಂದರೆ ನಾನು ಮಾಡಿದ ಕೆಲಸ ಲೆಕ್ಕ ಬಲ್ಲವನು ಮಾಡುವಂಥದಲ್ಲ. ಬಟ್ಟೆಯಂಗಡಿಯ ಮೇಲಿನ ಕೋಣೆಗೆ ಒಬ್ಬ ಬಂದು ಕೂತ. ಕಟ್ಟಿದ ಹಣ ಹತ್ತು ತಿಂಗಳಲ್ಲಿ ಎರಡು ಪಟ್ಟು. ನಾಲ್ಕು ಜನರನ್ನು ಸೇರಿಸಿದರೆ ಮೂರು ಪಟ್ಟು. ಎಲ್ಲರೂ ಅವನನ್ನು ಸಾಹೇಬರು ಎನ್ನುತ್ತಿದ್ದರು. ನಮ್ಮ ಕರಿಮಣ್ಣಿನ ಊರಿನಲ್ಲಿ ಅವನ ಬೂಟು ಅಷ್ಟು ಬೆಳ್ಳಗೆ ಉಳಿಯುವುದು ಹೇಗೆ ಎಂದು ನಾವು ಮಾಸ್ತರರು ಬಿಡುವಿನಲ್ಲೆಲ್ಲ ಚರ್ಚೆ ಮಾಡಿದೆವು. ಹಣ ಎರಡು ಪಟ್ಟಾಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳದೆಯೇ ಹಣ ಕಟ್ಟಿದೆ.

ಮಾನ್ವಿಯ ಕಲ್ಯಾಣ ಮಂಟಪದಲ್ಲಿ ಅವನೊಂದು ಸಮಾರಂಭ ಮಾಡಿದ. ಊಟಕ್ಕೆ ಐದು ಬಗೆಯ ಸಿಹಿ. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, "ಗಣಿತದ ಮಾಸ್ತರ್ರೇ ನಂಬ್ಯಾರ ಅಂದಮ್ಯಾಲ ಇನ್ನ ಅನುಮಾನ ಯಾರಿಗ್ರಿ?" ಎಂದು ಮೈಕಿನಲ್ಲಿ ಕೇಳಿದ. ನಾನು ಹೋಳಿಗೆಯ ಹಾಗೆ ಉಬ್ಬಿದೆ.

ನನ್ನ ಮಾತು ಕೇಳಿ ಸೇರಿದವರಲ್ಲಿ ಹನುಮವ್ವ ಒಬ್ಬಳು. ಜಾಲಹಳ್ಳಿಯಿಂದ ದಿನಾ ಬಸ್ಸಿಗೆ ಬಂದು ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ತನ್ನದೇ ಒಂದು ಖಾನಾವಳಿ ಇಡಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದಳು.

"ಸರ, ಇದು ಬರೋಬ್ಬರಿ ಅದ ಅಲ್ರಿ?"

"ನಂದೂ ಅದರಾಗ ಅದ. ಅಂಜಬ್ಯಾಡವ್ವಾ."

ಒಂದು ಸೋಮವಾರ ಆ ಕೋಣೆಗೆ ಬೀಗ ಬಿದ್ದಿತ್ತು. ಸಾಹೇಬನೂ ಇಲ್ಲ, ಕಾರೂ ಇಲ್ಲ. ನಾನು ಜ್ವರವೆಂದು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಐದನೆಯ ದಿನ ಹನುಮವ್ವ ಮನೆಗೇ ಬಂದಳು. ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವಳು ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದಳು.

"ಜ್ವರ ಬಿಟ್ಟಾವೇನ್ರಿ ಸರ?"

"ಹನುಮವ್ವಾ, ನಿನ್ನ ರೊಕ್ಕ ನಾ ಕೊಡ್ತೀನಿ. ತಿಂಗಳಾ ಒಂದಿಷ್ಟು..."

"ನೀವು ತಿಂದೀರೇನು ಕೊಡಾಕ? ತಿಂದಾಂವ ಬ್ಯಾರೆ ಅದಾನ. ಪೊಲೀಸ್ ಠಾಣಾಕ್ಕ ನಡ್ರಿ."

ನಾನು ತಡವರಿಸಿದೆ. ಊರಿನ ದೊಡ್ಡವರೆಲ್ಲ ಹಣ ಕಳಕೊಂಡು, "ನಾವೇನು ಕಟ್ಟಿರಲಿಲ್ಲ" ಎಂದು ಮೀಸೆ ತಿರುವುತ್ತಿದ್ದರು. ದೂರಿನಲ್ಲಿ ನನ್ನ ಹೆಸರು ಬಂದರೆ ಏಳನೆಯ ತರಗತಿಯ ಹುಡುಗರೂ ನಗುತ್ತಾರೆ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನಾಚಿಕಿ ಯಾಕ್ರಿ? ನಾನೂ ಬರೇ ಖಾನಾವಳಿ ಸಲುವಾಗಿ ಕಟ್ಟಿಲ್ಲ. ಆ ಬೂಟು ನೋಡಿ ನನಗೂ ಆಸಿ ಆತು. ಒಂದಿನ ನಾನೂ ಹಂಗ ಕಾರಿನಾಗಿಂದ ಇಳೀಬೇಕು ಅಂತ. ಆಸಿ ಪಟ್ಟಿದ್ದು ನಮ್ಮ ತಪ್ಪು, ಇರ್ಲಿ. ಕಳವು ಮಾಡಿದ್ದು ಅವನ ತಪ್ಪು. ಎರಡೂ ಕೂಡಿಸಬ್ಯಾಡ್ರಿ."

ಲೆಕ್ಕದ ಮಾಸ್ತರನಿಗೆ ಅವಳು ಹೇಳಿಕೊಟ್ಟ ಲೆಕ್ಕ ಇದು. ದೂರು ಬರೆದೆ. ಮೊದಲ ಹೆಸರು ನನ್ನದು. ಕೆಳಗೆ ಗುಡ್ಡ ಏರುವ ಅಕ್ಷರಗಳಲ್ಲಿ ಅವಳ ಸಹಿ. ಆಮೇಲೆ ದಿನಾ ಅಡುಗೆ ಮುಗಿಸಿ ಅವಳು ಮನೆಮನೆಗೆ ಹೊರಡುತ್ತಿದ್ದಳು, ಹಾಳೆ ಹಿಡಿದು ಹಿಂದೆ ನಾನು. ಮೊದಲು ಕದ ಹಾಕಿಕೊಂಡವರೇ ಎರಡನೆಯ ಸಲ ಹೋದಾಗ ಒಳಗೆ ಕರೆದು ಪೆನ್ನು ಕೇಳಿದರು. ಮೂರು ಹಾಳೆ ತುಂಬಿದವು.

ಮರುವರ್ಷ ಅವನು ಬೇರೊಂದು ಊರಿನಲ್ಲಿ ಸಿಕ್ಕ. ರಾಯಚೂರಿನ ಕೋರ್ಟಿಗೆ ಪೊಲೀಸರು ಕರೆತಂದಾಗ ನಾವೆಲ್ಲ ವರಾಂಡದಲ್ಲಿ ನಿಂತಿದ್ದೆವು. ಕಾಲಲ್ಲಿ ಆಗಲೂ ಬಿಳಿ ಬೂಟು! ನನ್ನನ್ನು ಕಂಡವನೇ ನಕ್ಕು, "ಏನ್ ಮಾಸ್ತರ್ರೇ, ಆರಾಮ್?" ಎಂದ. ಏನೆಂದು ಹೇಳಲಿ, ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದು ನಮಸ್ಕಾರ ಮಾಡಿದವು.

"ಸರ, ಕೈ ಇಳಸ್ರಿ!" ಎಂದು ಹನುಮವ್ವ ಗದರಿದಳು. ಮರುಕ್ಷಣ ಸೆರಗು ಬಾಯಿಗೊತ್ತಿ ನಗತೊಡಗಿದಳು. ಪಕ್ಕದವರು ನಕ್ಕರು, ನಾನೂ ನಕ್ಕೆ. ನಮ್ಮ ನಗು ನಿಲ್ಲದ್ದು ಕಂಡು ಅವನ ನಗು ನಿಂತಿತು.

ಹಣ ಪೂರ್ತಿ ಬರಲಿಲ್ಲ. ಅವನ ಆಸ್ತಿ ಹರಾಜಾಗಿ, ವರ್ಷಗಳ ಮೇಲೆ ಎಲ್ಲರಿಗೂ ಒಂದು ಪಾಲು ಸಿಕ್ಕಿತು. ಅದಕ್ಕೆ ಇನ್ನಷ್ಟು ಕೂಡಿಸಿ ಹನುಮವ್ವ ಜಾಲಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಹತ್ತಿರ ಖಾನಾವಳಿ ಇಟ್ಟಳು. ಮೊದಲ ದಿನ ನನಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿ, ಉಂಡೆದ್ದ ಮೇಲೆ ಕೈಚಾಚಿ ರೊಕ್ಕ ಇಸಕೊಂಡಳು. "ಪುಕ್ಕಟ ಬರೋದು ಯಾವುದೂ ಚಲೋ ಅಲ್ಲ ಸರ." ಖಾನಾವಳಿ ಇವತ್ತಿಗೂ ನಡೆದಿದೆ.

ಇಷ್ಟೆಲ್ಲ ಆದರೂ ನಮ್ಮ ಬಳಗದಲ್ಲಿ ಈ ಕಥೆಯನ್ನು ನಾನು ಎಂದೂ ತೆಗೆದವನಲ್ಲ. ಮಲ್ಲಿಕಾರ್ಜುನ ಆಗ ಇನ್ನೂ ಕೂಸು. ಈಗ ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತ. ಸಿನಿಮಾ ಬಿಟ್ಟು ಬೈಕಿನ ಕಡೆ ನಡೆಯುವಾಗ ಅವನು ದನಿ ತಗ್ಗಿಸಿ ಹೇಳಿದ: "ಮಾವಾ, ನಾನೂ ಮೊಬೈಲ್‌ನಾಗ ಒಂದು ಸ್ಕೀಮಿಗೆ ರೊಕ್ಕ ಹಾಕೀನಿ. ಭಾರಿ ಲಾಭ ತೋರಸಾಕತ್ತದ. ತಗಿಯಾಕ ಹೋದ್ರ ಮಾತ್ರ ಇನ್ನೂ ನಾಲ್ಕು ಮಂದೀನ ಸೇರಸ್ರಿ ಅಂತಾರ. ನಾಳೆ ಮಿಲ್ಲಿನ ಹಮಾಲ್ರು ರೊಕ್ಕ ತರ್ತಾರ."

ಅವನನ್ನು ಎದುರಿನ ಚಹಾದಂಗಡಿಗೆ ಕರೆದುಕೊಂಡು ಹೋದೆ. ನಿಮಗೆ ಈಗ ಹೇಳಿದ್ದನ್ನೆಲ್ಲ, ಒಂದನ್ನೂ ಮುಚ್ಚಿಡದೆ ಅವನಿಗೆ ಹೇಳಿದೆ. ಮೊದಮೊದಲು ನಗುತ್ತಿದ್ದ, ಬರುಬರುತ್ತ ಕಪ್ಪಿನ ಅಂಚನ್ನೇ ನೋಡುತ್ತ ಕೂತ. ಕೊನೆಗೆ ಫೋನು ತೆಗೆದು ಹಮಾಲರಲ್ಲಿ ಹಿರಿಯನೊಬ್ಬನಿಗೆ ಹಚ್ಚಿದ.

"ಯಪ್ಪಾ, ನಾಳೆ ರೊಕ್ಕ ತರಬ್ಯಾಡ್ರಿ. ಉಳದೋರಿಗೂ ಹೇಳ್ರಿ." ಆ ಕಡೆಯವರು ಯಾಕೆಂದು ಕೇಳಿರಬೇಕು. ಅವನ ಕಿವಿ ಕೆಂಪಾಯಿತು. ಬಾಯಿಗೆ ಬಂದ ಯಾವುದೋ ನೆಪವನ್ನು ನುಂಗಿಕೊಂಡ. "ಯಾಕಂದ್ರ, ನಾ ಮೋಸ ಹೋಗೀನಿ. ನೀವು ಹೋಗಬ್ಯಾಡ್ರಿ."

ನನ್ನವರ ಮುಂದೆ ಆ ಮಾತು ಆಡಲು ನನಗೆ ಅರ್ಧ ಆಯುಷ್ಯ ಹಿಡಿದಿತ್ತು. ಹುಡುಗ ಒಂದು ಕಪ್ ಚಹಾ ಆರುವುದರೊಳಗೆ ಆಡಿ ಮುಗಿಸಿದ. ಹೊರಗೆ ಇನ್ನೂ ಬಿಸಿಲಿತ್ತು.

"ಇಂಥಾದಕ್ಕ ದೂರು ಎಲ್ಲಿ ಕೊಡಬೇಕು, ಮಾವಾ?" ಎನ್ನುತ್ತ ಅವನು ಬೈಕಿನ ಕೀಲಿ ತೆಗೆದ. ನಾನು ಹಿಂದೆ ಹತ್ತಿ ಕೂತೆ.