ಹೇಳಿದ್ದು ಐದು, ಹೋದದ್ದು ಹನ್ನೊಂದು

ತೆಂಗಿನಕಾಯಿ ವ್ಯಾಪಾರದಲ್ಲಿ ಬಾಯಿಗಿಂತ ಮುಖ್ಯವಾದದ್ದು ಕುಂಡೆ. ಜಗಲಿಯಲ್ಲಿ ಯಾರು ಹೆಚ್ಚು ಹೊತ್ತು ಕುಳಿತಿರುತ್ತಾರೋ, ರೇಟು ಅವರದ್ದು. ಎಂಬತ್ತರ ದಶಕದ ಆರಂಭದಲ್ಲಿ ನಾನು ಕಾಪುವಿನ ಮನೆಗಳಿಂದ ಕಾಯಿ ಕೊಂಡು ಆದಿ ಉಡುಪಿಯಲ್ಲಿ ಮಾರುತ್ತಿದ್ದೆ. ಅಪ್ಪ ಬಿಟ್ಟುಹೋದ ಬಂಡವಾಳ ಎಂಬುದು ಇರಲಿಲ್ಲ, ಕೂರುವ ತಾಕತ್ತಿತ್ತು.

ಒಂದು ಮಳೆಗಾಲದಲ್ಲಿ ಆ ತಾಕತ್ತೇ ಕೈಕೊಟ್ಟಿತು. ಹೊಟ್ಟೆ ಹಿಂಡಿದರೆ ಎದ್ದು ಓಡಲೇಬೇಕು, ಜೊತೆಗೆ ರಕ್ತ ಬೇರೆ. ಮೂಲವ್ಯಾಧಿ ಇರಬೇಕೆಂದು ಕಾರ್ಕಳದ ಒಬ್ಬರಿಂದ ಪುಡಿ ತಂದು ಮಜ್ಜಿಗೆಯಲ್ಲಿ ಕುಡಿದೆ. ಪುಡಿಗಾಗಿ ಓಡಾಡಿ, ಬಸ್ಸು ಹಿರಿಯಡ್ಕದಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಯಾವ ಹೋಟೆಲಿನ ಹಿಂದೆ ಕಕ್ಕಸು ಉಂಟು ಎಂಬುದೆಲ್ಲ ಕಂಡಕ್ಟರನಿಗಿಂತ ಚೆನ್ನಾಗಿ ನನಗೆ ಗೊತ್ತಾಯಿತು. ಪುಡಿಯಿಂದಾದ ಲಾಭ ಅಷ್ಟೇ.

ಕಾಪುವಿನಲ್ಲಿ ನನಗೆ ಕಾಯಿ ಕೊಡುತ್ತಿದ್ದ ಮನೆಯೊಡತಿ ಬಾಯಮ್ಮ ಒಬ್ಬರು ನನ್ನ ಅವಸ್ಥೆಯನ್ನು ಎರಡೇ ವಾರದಲ್ಲಿ ಪತ್ತೆಹಚ್ಚಿದರು. ನಾನು ರೇಟು ಹೇಳಿದರೆ ಅವರು ಮಾತು ತಿರುಗಿಸುತ್ತಿದ್ದರು.

"ಎಂತ ಅವಸರ ಮಾರಾಯ್ರೆ, ಕುಳಿತುಕೊಳ್ಳಿ. ಇನ್ನೊಂದು ಲೋಟ ಕಾಫಿ ತರ್ತೇನೆ."

ಎರಡನೇ ಲೋಟ ಬರುವಷ್ಟರಲ್ಲಿ ನಾನು ಅವರ ರೇಟಿಗೇ ಒಪ್ಪಿ ಅಂಗಳ ದಾಟಿರುತ್ತಿದ್ದೆ.

ಕೊನೆಗೆ ಮಣಿಪಾಲಕ್ಕೆ ಹೋದೆ. ಮಲ ಪರೀಕ್ಷೆ ಮಾಡಿಸಿ, ಕೊಳವೆ ಹಾಕಿ ನೋಡಿದ ಡಾಕ್ಟರರು, ಇದು ಮೂಲವ್ಯಾಧಿಯಲ್ಲ, ಆಮಶಂಕೆಯೂ ಅಲ್ಲ ಅಂದರು. ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗಿದೆಯಂತೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಬುಡಸಮೇತ ಹೋಗುವುದೂ ಇಲ್ಲ. ತಿಂಗಳುಗಟ್ಟಲೆ ಮಲಗಿರುತ್ತದೆ, ಮತ್ತೆ ಏಳುತ್ತದೆ. ಮದ್ದು ಬಿಡದೆ ತೆಗೆದುಕೊಂಡರೆ ಹತೋಟಿಯಲ್ಲಿ ಇಡಬಹುದು.

"ದಿನಕ್ಕೆ ಎಷ್ಟು ಸಲ ಹೋಗ್ತೀರಿ?" ಎಂದು ಕೇಳಿದರು.

"ಐದು," ಎಂದೆ. ಕೇಳಿದ ಕೂಡಲೇ ನಿಜವಾದ ಅಂಕಿ ಹೇಳುವವನು ವ್ಯಾಪಾರಿಯೇ ಅಲ್ಲ. ಅರ್ಧದಿಂದ ಶುರು ಮಾಡುವುದು ನನ್ನ ನಾಲಿಗೆಗೆ ಹತ್ತಿದ ಅಭ್ಯಾಸ. ಡಾಕ್ಟರರೂ ಸ್ವಲ್ಪ ಮೇಲೆ ಹೋಗಿ ಏಳೋ ಎಂಟೋ ಬರೆದುಕೊಳ್ಳುತ್ತಾರೆ ಅಂದುಕೊಂಡೆ. ಆ ಪುಣ್ಯಾತ್ಮರು ಐದೇ ಬರೆದರು.

ಮೂರು ವಾರ ಮಾತ್ರೆ ನುಂಗಿದರೂ ಕಡಿಮೆಯಾಗಲಿಲ್ಲ. ಈ ಡಾಕ್ಟರರಿಗೆ ಏನೂ ಗೊತ್ತಿಲ್ಲ ಎಂದು ಮನೆಯಲ್ಲಿ ಬೈದೆ. ಮುಂದಿನ ಸಲ ಹೆಂಡತಿ ತಾನೂ ಬರುತ್ತೇನೆಂದು ಹೊರಟಳು.

ಡಾಕ್ಟರರು ಅದೇ ಪ್ರಶ್ನೆ ಕೇಳಿದರು. ನಾನು ಉದಾರವಾಗಿ ಒಂದು ಏರಿಸಿ, "ಆರು," ಎಂದೆ.

"ಹನ್ನೊಂದು," ಎಂದಳು ಹಿಂದಿನಿಂದ. "ಮೊನ್ನೆ ಹದಿಮೂರು."

"ನೀನು ಲೆಕ್ಕ ಹಾಕ್ತಾ ಕೂತಿದ್ದೀಯಾ?"

"ಕೂರಲಿಕ್ಕೆ ಪುರುಸೊತ್ತು ಎಲ್ಲುಂಟು? ಬಾವಿಯಿಂದ ನೀರು ಸೇದಿ ಕಕ್ಕಸಿನ ಬಾಲ್ದಿ ತುಂಬಿಸುವುದು ಯಾರು? ಸಲಕ್ಕೊಂದು ಬಾಲ್ದಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. "ನೀವು ಅರ್ಧ ರೋಗ ಹೇಳಿದಿರಿ, ನಾನು ಅದಕ್ಕೆ ಸರಿಯಾಗಿ ಮದ್ದು ಕೊಟ್ಟೆ. ಹೀಗೇ ಮುಂದುವರಿದರೆ ಆ ಕರುಳನ್ನೇ ತೆಗೆಯಬೇಕಾಗಬಹುದು."

"ಸ್ವಲ್ಪವಾ, ಪೂರ್ತಿಯಾ?" ಎಂದು ಕೇಳಿಯೇಬಿಟ್ಟೆ. ಅಭ್ಯಾಸಬಲ. ಯಾರೂ ನಗಲಿಲ್ಲ. ಆಗ ಮಾತ್ರ ನನಗೆ ಹೆದರಿಕೆಯಾಯಿತು.

ಹೊಸ ಮಾತ್ರೆ ಬರೆದುಕೊಟ್ಟು, ಗುಣ ಕಂಡಿತೆಂದು ನೀವಾಗಿಯೇ ನಿಲ್ಲಿಸಬೇಡಿ, ಹಂತಹಂತವಾಗಿ ನಾನೇ ಇಳಿಸುತ್ತೇನೆ ಅಂದರು. ರಕ್ತ ನಿಂತಾಗ ನನಗೂ, ಇನ್ನೇಕೆ ನುಂಗುವುದು ಎಂಬ ವ್ಯಾಪಾರಬುದ್ಧಿ ಬಂದದ್ದುಂಟು. ಆದರೆ ಮಾತ್ರೆಯ ಡಬ್ಬಿಯ ಕಾವಲಿಗೆ ಬಾಲ್ದಿ ಲೆಕ್ಕ ಹಾಕಿದವಳೇ ಕುಳಿತಿದ್ದಳು.

ಅಷ್ಟರಲ್ಲಿ ಕಾಪುವಿನ ಬಾಯಮ್ಮನಿಗೂ ನಿಜ ಹೇಳಿದೆ. ಅವರು ಹಿತ್ತಿಲ ಕಡೆ ಕೈ ತೋರಿಸಿ, "ಮೊದಲೇ ಹೇಳಬಾರದಿತ್ತಾ? ಹೋಗಿ ಬನ್ನಿ, ರೇಟು ಎಲ್ಲಿಗೂ ಹೋಗುವುದಿಲ್ಲ," ಅಂದರು. ನಿಮಗೂ ಈ ಕಾಯಿಲೆ ಇದ್ದರೆ ನನ್ನ ಸಲಹೆ ಇಷ್ಟೇ: ಯಾರ ಮನೆಗೆ ಹೋದರೂ ಮೊದಲು ಕಕ್ಕಸು ಎಲ್ಲಿ ಎಂದು ಕೇಳಿ, ಆಮೇಲೆ ರೇಟು. ನಾಚಿಕೆ ಲಾಭದ ಬಾಬ್ತಲ್ಲ.

ಮಳೆ ಮುಗಿದ ಮೇಲೆ ಮತ್ತೆ ಮಣಿಪಾಲಕ್ಕೆ ಹೋದೆವು. "ಎಷ್ಟು ಸಲ?"

"ಎರಡು," ಎಂದೆ. ದೇವರಾಣೆಗೂ ನಿಜ.

ಡಾಕ್ಟರರು ಬರೆಯಲಿಲ್ಲ. ಪೆನ್ನು ಹಿಡಿದು ನನ್ನ ಭುಜದ ಮೇಲಿಂದ ಹಿಂದೆ ನೋಡಿದರು. ಅವಳು ತಲೆಯೆತ್ತಿ ಮಾಡಿನ ಕಡೆ ನೋಡುತ್ತ, ನಾನು ಜಗಲಿಗಳಲ್ಲಿ ಕಾಯಿಸುತ್ತಿದ್ದ ಹಾಗೆಯೇ ನಮ್ಮಿಬ್ಬರನ್ನೂ ಸಾಕಷ್ಟು ಕಾಯಿಸಿದಳು.

"ಸರಿ, ಎರಡು," ಎಂದಳು.

ಆಮೇಲೆ ಬರೆದುಕೊಂಡರು.