ಬಂದೂಕಿಗೆ ಹಚ್ಚಿದ ಕುಂಕುಮ

ಮರಿಯಮ್ಮನಹಳ್ಳಿಯ ಹೆದ್ದಾರಿ ಬದಿಯಲ್ಲಿ ಅದಿರು ಲಾರಿಗಳ ಬಾಡಿ ರಿಪೇರಿ ಮಾಡುವ ಹನುಮೇಶ್ ಹದಿನೇಳು ವರ್ಷ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವನು. ಊರಿನವರು ಅವನಿಂದ ಗಡಿಯ ಕಥೆ, ಗುಂಡಿನ ಕಥೆ ಬಯಸುತ್ತಾರೆ. ಅವನೋ, ಯಾರ ಮೇಲೂ ಒಂದು ಗುಂಡು ಹಾರಿಸದೆ ನೂರಾರು ಬಂದೂಕುಗಳನ್ನೇ ಮುಗಿಸಿದವನು. ಇದನ್ನು ಹೇಳಹೊರಟರೆ ಚಹಾದಂಗಡಿಯಲ್ಲಿ ಯಾರೂ ಕಿವಿಗೊಡುವುದಿಲ್ಲ. ಢಂ ಎನ್ನದ ಕಥೆ ನಮ್ಮ ಜನಕ್ಕೆ ರುಚಿಸದು. ನನಗೆ ಮಾತ್ರ ಎಷ್ಟು ಸಲ ಕೇಳಿದರೂ ಸಾಲದು.

ವಿಶ್ವಸಂಸ್ಥೆಯ ಶಾಂತಿಪಡೆಯೊಂದಿಗೆ ಅವನು ಒಂದು ವರ್ಷ ಕಾಂಗೋದಲ್ಲಿದ್ದ. ಕಾಡಿನ ಬಂಡುಕೋರ ಗುಂಪಿನವರು ತಂದೊಪ್ಪಿಸುವ ಬಂದೂಕುಗಳನ್ನು ಗ್ಯಾಸ್ ಕಟರಿನಿಂದ ಮೂರು ತುಂಡು ಮಾಡುವುದು ಅವನ ಕೆಲಸ. ಒಪ್ಪಿಸಿದವನ ಕಣ್ಣೆದುರೇ ಕತ್ತರಿಸಬೇಕು. ಇಲ್ಲದಿದ್ದರೆ ಅದು ನಾಳೆ ವೈರಿಗಳ ಕೈ ಸೇರೀತೆಂಬ ಅನುಮಾನ. ಕೊಟ್ಟದ್ದನ್ನು ಮುರಿದೇ ಮುರಿಯುತ್ತಾರೆಂಬ ನಂಬಿಕೆಯೊಂದರ ಮೇಲೆ ಶಿಬಿರ ನಡೆಯುತ್ತಿತ್ತು.

ಆಯುಧಪೂಜೆ ಬಂತು. ಹಿಂದಿನ ದಿನ ಗ್ಯಾಸ್ ಮುಗಿದು ಐದು ಬಂದೂಕು ಮೇಜಿನ ಮೇಲೇ ಉಳಿದಿದ್ದವು. ಹನುಮೇಶ್ ಕಟರನ್ನು ಒರೆಸಿ, ಹೆಂಡತಿ ರೇಣುಕಮ್ಮ ಕಟ್ಟಿಕೊಟ್ಟಿದ್ದ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸ್ಪ್ಯಾನರು, ಲಾರಿ ಟೈರು, ತಕ್ಕಡಿ ಯಾವುದನ್ನೂ ಬಿಡದ ಕೈ ನಮ್ಮದು. ಬಂದೂಕುಗಳಿಗೂ ಹಚ್ಚಿ, ಹೂವಿಟ್ಟು ಕೈಮುಗಿದ. ಅಷ್ಟರಲ್ಲಿ ಕಾಡಿನಿಂದ ಮೂವತ್ತು ಮಂದಿ ಬಂದೂಕು ಒಪ್ಪಿಸಲು ಬಂದರು. ಮೇಜು ನೋಡಿದರು. ಪೂಜೆ ಮಾಡುವವರು ಮುರಿದಾರೇ, ಇವರು ಇಟ್ಟುಕೊಳ್ಳುವವರೇ ಸರಿ ಎಂದುಕೊಂಡು ಬಂದ ದಾರಿಯಲ್ಲೇ ವಾಪಸ್ಸಾದರು.

"ನನ್ನಿಂದ ಮೂವತ್ತು ಬಂದೂಕು ಮತ್ತ ಕಾಡಿಗೆ ಹೋದ್ವಲ್ರೀ. ಯಾರ್ ಸತ್ರೂ ಪಾಪ ನಂದಾ ಅಲ್ಲೇನ್ರಿ?" ಎನ್ನುವಾಗ ಈಗಲೂ ಅವನ ದನಿ ಕುಗ್ಗುತ್ತದೆ.

ಸಾಹೇಬರು ಬೈದರು. ಬೈಸಿಕೊಂಡು ಸುಮ್ಮನೆ ಕೂರುವ ಆಸಾಮಿಯಲ್ಲ ಇವನು. ದುಭಾಷಿಯನ್ನು ಕರೆದುಕೊಂಡು ಆ ಮಂದಿಯ ಹಳ್ಳಿಗೇ ಹೋದ.

"ನಮ್ಮೂರಾಗ ಗಣಪ್ಪನ್ನ ಪೂಜಿ ಮಾಡಿ ನೀರಿಗೆ ಬಿಡ್ತೀವಿ. ಪೂಜಿ ಮಾಡಿದ್ದೆಲ್ಲಾ ಇಟ್ಕೊಳ್ಳಾಕಲ್ಲ, ಕಳಿಸಿಕೊಡಾಕೂ ಮಾಡ್ತೀವಿ" ಅಂದ.

ಗಣಪ್ಪ ಯಾರೆಂದು ತಿಳಿಸುವಷ್ಟರಲ್ಲಿ ದುಭಾಷಿ ಬೆವತುಹೋದ. ಯಾರೂ ಅಲುಗಲಿಲ್ಲ. ಕೊನೆಗೆ ಒಬ್ಬ ಮುದುಕಿ ಎದ್ದು, ಆ ಮೂವತ್ತರಲ್ಲೊಬ್ಬನಾದ ತನ್ನ ಮಗನ ಬಂದೂಕನ್ನು ಕಿತ್ತುಕೊಂಡು ಹನುಮೇಶನ ಮುಂದಿಟ್ಟಳು. "ಹಂಗಾದ್ರ ಇದನ್ನೂ ಕಳಿಸು" ಅಂದಳಂತೆ.

ಹಳ್ಳಿಯೇ ಅವಳ ಹಿಂದೆ ಶಿಬಿರಕ್ಕೆ ಬಂತು. ಅಷ್ಟರಲ್ಲಿ ಹೊಸ ಗ್ಯಾಸ್ ಸಿಲಿಂಡರೂ ಬಂದಿತ್ತು. ಮೇಜಿನ ಐದನ್ನೂ ಮುದುಕಿ ತಂದದ್ದನ್ನೂ ಎಲ್ಲರೆದುರು ಕತ್ತರಿಸಿದ. ಆಮೇಲೆ ಉಳಿದವರೂ ಸಾಲು ನಿಂತರು. ತಮಾಷೆಯೆಂದರೆ, ಈಗ ಪ್ರತಿಯೊಬ್ಬನಿಗೂ ಮೊದಲು ಕುಂಕುಮವೇ ಬೇಕು! ಕುಂಕುಮ ಖಾಲಿಯಾಯಿತು. ಅಲ್ಲಿನ ಮಣ್ಣು ನಮ್ಮ ಸಂಡೂರಿನ ಮಣ್ಣಿನಷ್ಟೇ ಕೆಂಪು. ಅದನ್ನೇ ಕಲಸಿ ಹಚ್ಚಿದ.

ಮುದುಕಿಯ ಮಗ ಅಷ್ಟು ಹೊತ್ತೂ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಮತ್ತೆ ಮತ್ತೆ ಭುಜ ಮುಟ್ಟಿಕೊಳ್ಳುತ್ತಿದ್ದ. ಕೊನೆಯ ಬಂದೂಕು ತುಂಡಾದ ಮೇಲೆ ಮುದುಕಿ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನದೇ ಮಗು, ಹುಟ್ಟಿದಾಗಿನಿಂದ ಅವನು ಎತ್ತಿಕೊಂಡಿರಲೇ ಇಲ್ಲ.

"ಬಂದೂಕು ಹಿಡ್ದಂಗ ಹಿಡಿದಿದ್ದ ನೋಡ್ರಿ" ಎಂದು ಹನುಮೇಶ್ ನಗುತ್ತಾನೆ. "ಹಂಗಲ್ಲಪ್ಪಾ, ತಲಿ ಕೆಳಗ ಕೈ ಕೊಡು ಅಂತ ನಾನೇ ಕಲಿಸಿದ್ನಿ."